ಸುಮಂತನ ಫೆಸೆಂಟ್ ಬೇಟೆ ಪ್ರಶ್ನೆಗೆ

ಸುಮಂತ, ನಿನ್ನ ಮೆಸೇಜ್ ನೋಡ್ದೆ ಕಣೋ. ನವೆಂಬರ್ ಮೊದಲ ವಾರ ಆಫೀಸಿನ ಸ್ನೇಹಿತರ ಜೊತೆ ಅಮೆರಿಕದ ಸೌತ್ ಡಕೋಟಾದ ರೆಡ್‌ಫೀಲ್ಡ್ ಕಡೆ ಫೆಸೆಂಟ್ (ಕಾಡುಕೋಳಿ ಥರದ ಉದ್ದ ಬಾಲದ ಹಕ್ಕಿ) ಬೇಟೆಗೆ ಹೊರಟಿದೀನಿ, ಕೋವಿ ಅವರೇ ಕೊಡ್ತಾರೆ, ನಾನೇನು ತಯಾರಿ ಮಾಡ್ಕೋಬೇಕು ಅಂತ ಕೇಳಿದೀಯ. ಸ್ವಲ್ಪ ಉದ್ದ ಆಗತ್ತೆ, ನಿಧಾನಕ್ಕೆ ಕೇಳಿಸ್ಕೊ.

ಕೋವಿ ಆಮೇಲೆ, ಮೊದಲು ವೀಸಾ. ನೀನಿನ್ನೂ ಎಚ್‌-1ಬಿ ಕೆಲಸದ ವೀಸಾ ಮೇಲೆ ಇದೀಯ ತಾನೆ? ಅಮೆರಿಕದ ಫೆಡರಲ್ ಕಾನೂನಿನಲ್ಲಿ ಎಚ್‌-1ಬಿ, ಓದೋಕೆ ಬರೋರ ಎಫ್‌-1 ಥರದ ವೀಸಾದಲ್ಲಿ ಬಂದೋರು ಕೋವಿ ಹಿಡಿಯೋದಿರ್ಲಿ, ಜೇಬಲ್ಲಿ ಒಂದು ತೋಟಾ ಇಟ್ಕೊಂಡ್ರೂ ಅಪರಾಧ. ವಿನಾಯಿತಿ ಇದೆ, ಅದರಲ್ಲಿ ನಿನಗೆ ಒದಗೋದು ಇದೊಂದೇ: ಅಲ್ಲಿನ ಯಾವುದಾದ್ರೂ ರಾಜ್ಯ ಕೊಟ್ಟಿರೋ, ಅವಧಿ ಮುಗೀದೆ ಇರೋ ಬೇಟೆ ಲೈಸೆನ್ಸ್ ನಿನ್ನ ಹತ್ರ ಇರ್ಬೇಕು. ಹಾಗಾಗಿ ಹೋಗೋಕೆ ಮುಂಚೆ ಸ್ನೇಹಿತ "ಬಾ ರೇಂಜಿಗೆ, ಒಂದ್ಸಲ ಹೊಡೆದು ನೋಡು" ಅಂದ್ರೆ, ಲೈಸೆನ್ಸ್ ಕೈಗೆ ಬರೋ ತನಕ ಬೇಡ. ಗ್ರೀನ್ ಕಾರ್ಡ್ ಇರೋರಿಗೆ ಈ ತಲೆನೋವಿಲ್ಲ. ಸೌತ್ ಡಕೋಟಾ ಹೊರಗಿನೋರಿಗೆ ಕೊಡೋ ಸ್ಮಾಲ್ ಗೇಮ್ (ಸಣ್ಣ ಪ್ರಾಣಿ-ಪಕ್ಷಿ ಬೇಟೆ) ಲೈಸೆನ್ಸ್‌ನಲ್ಲಿ ಐದೈದು ದಿನದ ಎರಡು ಅವಧಿ ಸಿಗತ್ತೆ, ಶುರುವಾಗೋ ದಿನ ನೀನೇ ಆರಿಸ್ಕೊತೀಯ. ಆ ದಿನಗಳ ಆಚೆಗೆ ಅದನ್ನ ನಂಬ್ಕೊಂಡು ಕೋವಿ ಮುಟ್ಟಬೇಡ. ಪ್ರಾಕ್ಟೀಸಿಗೆ ಹೋಗೋದಿದ್ರೆ ನೀನಿರೋ ರಾಜ್ಯದ್ದೂ ಒಂದು ಲೈಸೆನ್ಸ್ ಮಾಡಿಸ್ಕೊಳ್ಳೋದು ಒಳ್ಳೇದು, ಆದ್ರೆ ಹಲವು ರಾಜ್ಯದಲ್ಲಿ ಅದಕ್ಕೆ ಮೊದಲು ಹಂಟರ್ ಸೇಫ್ಟಿ ಕೋರ್ಸ್ ಮುಗಿಸಿರ್ಬೇಕು. ಡಕೋಟಾದ ಹ್ಯಾಬಿಟಾಟ್ ಸ್ಟ್ಯಾಂಪ್ (ಪ್ರಾಣಿಗಳ ನೆಲೆ ಕಾಪಾಡೋಕೆ ಕಟ್ಟೋ ಶುಲ್ಕ) ಬೇರೆ ತಗೋಬೇಕು, ಮರೀಬೇಡ. ಅನುಮಾನ ಇದ್ರೆ ನಿಮ್ಮ ಇಮಿಗ್ರೇಷನ್ ಲಾಯರ್‌ಗೆ ಒಂದು ಮೇಲ್ ಹಾಕು.

ನಿಯಮ ಸರಳ. ಅಕ್ಟೋಬರ್ ಮೂರನೇ ಶನಿವಾರದಿಂದ ಜನವರಿ 31ರ ತನಕ ಸೀಸನ್. ಹೊತ್ತು ಸೆಂಟ್ರಲ್ ಟೈಮ್ ಬೆಳಿಗ್ಗೆ 10ರಿಂದ ಸೂರ್ಯ ಮುಳುಗೋ ತನಕ. ದಿನಕ್ಕೆ ಒಬ್ಬರಿಗೆ 3, ಅದೂ ಹುಂಜ ಮಾತ್ರ. ಹೇಂಟೆ ಹೊಡೆದ್ರೆ ದಂಡ. ಹುಂಜ ತಾಮ್ರದ ಬಣ್ಣ, ಕತ್ತಿಗೆ ಬಿಳಿ ಪಟ್ಟಿ, ಉದ್ದ ಬಾಲ, ಏಳೋವಾಗ ಸಾಮಾನ್ಯವಾಗಿ ಕ್ಯಾಕ್ ಕ್ಯಾಕ್ ಅಂತ ಬೈಕೊಂಡೇ ಏಳತ್ತೆ. ಹೇಂಟೆ ಮಾಸಲು ಕಂದು, ಸಾಮಾನ್ಯವಾಗಿ ಕೂಗದೆ ಏಳತ್ತೆ. ಬಿಸಿಲಿಗೆ ಎದುರಾಗಿ ಹಾರಿದ್ರೆ ಎರಡೂ ಒಂದೇ ಕಪ್ಪು, ಆಗ ಬಿಟ್ಬಿಡು.

ಈಗ ಮುಖ್ಯ ವಿಷಯ. ಅಲ್ಲಿ ಬಯಲಲ್ಲಿ ನಡೆಯೋದು ನಮ್ಮ ಮಲೆನಾಡಲ್ಲಿ ಹಿಂದೆ ಹಳು ಸೋಯ್ದು (ಪೊದೆ ಜಾಲಾಡಿ ಪ್ರಾಣಿ ಎಬ್ಬಿಸಿ) ಬಿಲ್ಲಿಗೆ (ಅದು ಬರೋ ದಾರೀಲಿ ಕೋವಿ ಹಿಡಿದು) ನಿಲ್ತಿದ್ರಲ್ಲ, ಅದೇ ಲೆಕ್ಕ. ಜೋಳದ ಪಟ್ಟಿಯ ಒಂದು ತುದಿಯಿಂದ ವಾಕರ್‌ಗಳು ಸಾಲಾಗಿ ನಡೀತಾರೆ, ಇನ್ನೊಂದು ತುದೀಲಿ ಬ್ಲಾಕರ್‌ಗಳು ನಿಂತಿರ್ತಾರೆ. ಫೆಸೆಂಟ್‌ಗೆ ಹಾರೋದು ಕಡೇ ಉಪಾಯ, ಮೊದಲು ಓಡತ್ತೆ. ತುದೀಲಿ ಯಾರೂ ಇಲ್ಲದಿದ್ರೆ ನೀವು ಅರ್ಧ ದಾರಿ ಬರೋದ್ರೊಳಗೆ ಎಲ್ಲಾ ಓಡಿ ಆಚೆ ಹೊಲ ಸೇರಿರತ್ತೆ. ಅದಕ್ಕೇ ಬ್ಲಾಕರ್‌ಗಳು ಮೊದಲೇ ಹೋಗಿ, ಸದ್ದಿಲ್ಲದೆ ನಿಲ್ಬೇಕು. ಕಾರಿನ ಬಾಗಿಲು ಧಡ್ ಅಂತ ಹಾಕಿದ್ರೆ ಆ ಹೊಲ ಮುಗೀತು ಅಂತಲೇ ಲೆಕ್ಕ.

ವಾಕರ್‌ಗಳ ಮಧ್ಯೆ 30ರಿಂದ 45 ಅಡಿ. ಹುಲ್ಲು ದಟ್ಟ ಇದ್ರೆ ಇನ್ನೂ ಹತ್ರ, ಇಲ್ಲಾಂದ್ರೆ ಹಕ್ಕಿ ಇಬ್ಬರ ನಡುವೆ ಅಡಗಿ ಕೂತು ಹಿಂದೆ ಉಳಿದುಬಿಡತ್ತೆ. ಆದಷ್ಟು ಗಾಳಿಗೆ ಎದುರಾಗಿ ನಡೀಬೇಕು, ನಾಯಿಗೆ ವಾಸನೆ ಸಿಗೋದು ಹಾಗೆ. ಸರಸರ ನಡೆಯೋದು ತಪ್ಪು. ನಾಲ್ಕು ಹೆಜ್ಜೆ, ನಿಲ್ಲು, ಮತ್ತೆ ನಾಲ್ಕು ಹೆಜ್ಜೆ. ನೀನು ನಿಂತಾಗ, ತನ್ನನ್ನ ಕಂಡುಹಿಡಿದ್ರು ಅಂದ್ಕೊಂಡು ಹಕ್ಕಿ ಗಾಬರಿಯಾಗಿ ಏಳತ್ತೆ. ಪಟ್ಟಿಯ ಕಡೇ 50-60 ಅಡೀಲಂತೂ ಇನ್ನೂ ನಿಧಾನ, ಓಡಿ ಬಂದಿರೋವೆಲ್ಲಾ ಅಲ್ಲೇ ಗುಂಪು ಕೂತಿರತ್ತೆ.

ಸಾಲು ಮಾತ್ರ ಕೆಡಬಾರದು, ಅನಾಹುತ ಆಗೋದು ಅಲ್ಲೇ. ಮುಂದೆ ಹೋದೋನು ಪಕ್ಕದೋನ ಕೋವಿಗೆ ಅಡ್ಡ ಬರ್ತಾನೆ. ಪ್ರತಿ ಹತ್ತು ಹೆಜ್ಜೆಗೆ ಎಡಕ್ಕೆ ಬಲಕ್ಕೆ ಕಿತ್ತಳೆ ಟೋಪಿ ಎಲ್ಲೆಲ್ಲಿದೆ ನೋಡ್ಕೊ. ನಿನ್ನ ಪಾಲು ಎದುರಿಗಿರೋ ಆಕಾಶದ ಒಂದು ತುಂಡು ಅಷ್ಟೇ, ಹಕ್ಕಿ ಹಿಂಬಾಲಿಸಿ ಸಾಲಿನ ಮೇಲೆ ಕೋವಿ ತಿರುಗಿಸಬಾರದು. ಹಕ್ಕಿಯ ಕೆಳಗೆ ಆಕಾಶ ಕಾಣದಿದ್ರೆ ಹೊಡೀಬೇಡ, ಎಷ್ಟೇ ಸುಲಭ ಅನ್ನಿಸಿದ್ರೂ. ಕೆಳಗಡೆ ನಾಯಿ ಇರತ್ತೆ, ಆಚೆ ಬ್ಲಾಕರ್ ಇರ್ತಾನೆ. ನೆಲದ ಮೇಲೆ ಓಡೋ ಹುಂಜದ ಕಡೆ ಕೋವಿನೇ ಎತ್ತಬೇಡ. ಫೆಸೆಂಟ್‌ಗೆ ಕಿತ್ತಳೆ ಬಟ್ಟೆ ಆ ರಾಜ್ಯದ ಕಾನೂನಲ್ಲಿ ಕಡ್ಡಾಯ ಇಲ್ಲ, ಆದ್ರೂ ಟೋಪಿ, ವೆಸ್ಟ್ ಎರಡೂ ಹಾಕ್ಕೊ. ಕಣ್ಣಿಗೆ ಗಟ್ಟಿ ಕನ್ನಡಕ ಬೇಕೇ ಬೇಕು, ಬ್ಲಾಕರ್ ಮೇಲೆ ಚರೆ (ತೋಟಾದೊಳಗಿನ ಸಣ್ಣ ಗುಂಡು) ಉದುರೋದು ಅಪರೂಪವೇನಲ್ಲ. ಗುಂಪಲ್ಲಿ ಇದನ್ನೆಲ್ಲ ಬೆಳಿಗ್ಗೆನೇ ಒಬ್ಬ ಹಿರಿಯ ಹೇಳಿಬಿಡ್ಬೇಕು. ಹೇಳದೇ ಶುರು ಮಾಡೋ ಗುಂಪಾದ್ರೆ ನಾಯಿ ಹಿಡ್ಕೊಂಡು ಹಿಂದೆ ನಡಿ, ಮರ್ಯಾದೆಗೇನೂ ಕಮ್ಮಿ ಇಲ್ಲ.

ಹೊಸಬರು ಗುರಿ ತಪ್ಪೋದು ಹೆಚ್ಚಾಗಿ ಹಿಂದಕ್ಕೆ. ಹುಂಜದ ಉದ್ದದಲ್ಲಿ ಅರ್ಧದಷ್ಟು ಬಾಲನೇ. ಕಣ್ಣು ಇಡೀ ಹಕ್ಕೀನ ನೋಡತ್ತೆ, ಚರೆ ಬಾಲದ ಗರಿಯಲ್ಲಿ ಹಾದು ಹೋಗತ್ತೆ. ಕತ್ತಿನ ಬಿಳಿ ಪಟ್ಟಿ ನೋಡಿ ಹೊಡಿ, ಕೋವಿ ನಿಲ್ಲಿಸದೆ ಮುಂದಕ್ಕೆ ತೂಗ್ತಾ ಇರು. ಬಿದ್ದ ಜಾಗದಿಂದ ಕಣ್ಣು ತೆಗೀಬೇಡ, ಇನ್ನೊಂದಕ್ಕೆ ಆಸೆ ಪಡಬೇಡ. ರೆಕ್ಕೆ ಮಾತ್ರ ಮುರಿದ ಹುಂಜ ಬಿದ್ದ ತಕ್ಷಣ ಎದ್ದು ಓಡತ್ತೆ, ನಾಯಿ ಬೇಗ ಬರದಿದ್ರೆ ಸಿಗೋದೇ ಕಷ್ಟ. ನಾಯಿಗೂ ನೀರು ಹೊತ್ಕೊಂಡು ಹೋಗಿ. ಬಿಸಿಲಿದ್ದ ದಿನ ಓಡಿ ಓಡಿ ಕುಸಿದುಬಿಡತ್ತೆ. ಸಂಜೆ ನಾಯಿಯ ಕಾಲ್ಬೆರಳ ಸಂದಿ, ಕಿವಿ, ಕಣ್ಣು ನೋಡ್ಬೇಕು, ಅಲ್ಲಿನ ಒಂದು ಹುಲ್ಲಿನ ಮುಳ್ಳುತೆನೆ ಒಳಗೆ ಹೊಕ್ಕರೆ ಮುಂದಕ್ಕೇ ಹೋಗತ್ತೆ, ಹಿಂದಕ್ಕೆ ಬರಲ್ಲ.

ಗಿರೀಶ ನಿನ್ನ ಮೆಸೇಜ್ ಕೆಳಗೆ "ನಮ್ಮೂರ ಕಾಡುಕೋಳಿಗೂ ಹೀಗೇ ಒಂದು ಟ್ರಿಪ್ ಹಾಕೋಣ" ಅಂತ ಬರೆದಿದಾನೆ. ತಮಾಷೆಗೂ ಬೇಡಪ್ಪ, 1972ರ ವನ್ಯಜೀವಿ ಕಾಯ್ದೆ ಕೆಳಗೆ ಜೈಲೇ ಗತಿ. ಡಕೋಟಾದ ಕಥೆ ಬೇರೆ. ಅಲ್ಲಿ ಈ ಹಕ್ಕಿ ಮೂಲದಲ್ಲಿ ಇರ್ಲೇ ಇಲ್ಲ, ಏಷ್ಯಾದ ಹಕ್ಕೀನ ತಂದು ಬಿಟ್ಟಿದ್ದು. 1919ರಲ್ಲಿ ರೆಡ್‌ಫೀಲ್ಡ್ ಇರೋ ಸ್ಪಿಂಕ್ ಕೌಂಟಿಯಲ್ಲೇ ಒಂದೇ ಒಂದು ದಿನದ ಮೊದಲ ಸೀಸನ್ ನಡೆಸಿದ್ರು.

ಶೈಲಕ್ಕ ಮಾಂಸದ ಬಗ್ಗೆ ಕೇಳಿದ್ರಿ. ಬೆಚ್ಚಗಿನ ದಿನ ಆದ್ರೆ ಹೊಲದಲ್ಲೇ ಕರುಳು ತೆಗೆದು, ತಣ್ಣಗೆ ಇಡ್ಬೇಕು. ಸಾಗಿಸೋವಾಗ ತಲೆ, ಕಾಲು, ಗರಿ ಇರೋ ರೆಕ್ಕೆ ಇವುಗಳಲ್ಲಿ ಒಂದಾದ್ರೂ ಮೈಗೆ ಅಂಟ್ಕೊಂಡೇ ಇರ್ಬೇಕು, ಹುಂಜ ಅಂತ ಬೇಟೆ ನಿಯಮ ನೋಡ್ಕೊಳ್ಳೋ ವಾರ್ಡನ್‌ಗೆ ಗೊತ್ತಾಗೋದಕ್ಕೆ. ಕಾಲಿನ ಹಿಂದಿನ ಮುಳ್ಳು ಗಿಡ್ಡ, ಮೊಂಡ ಇದ್ರೆ ಈ ವರ್ಷದ ಮರಿ, ಎದೆ ಮಾಂಸ ಹಾಗೇ ಹುರೀಬಹುದು. ಉದ್ದ ಚೂಪು ಇದ್ರೆ ಹಳೇ ಹುಂಜ, ಕಾಲು ತೊಡೆ ಎಲ್ಲಾ ನಾಟಿಕೋಳಿ ಥರ ಮೆಣಸಿನ ಸಾರಿಗೇ ಸರಿ. ಕೊಬ್ಬು ಇಲ್ಲದ ಮಾಂಸ, ಎದೆಯನ್ನ ಜಾಸ್ತಿ ಬೇಯಿಸಿದ್ರೆ ನಾರು. ಹೆಚ್ಚೋ ಮುಂಚೆ ಬೆಳಕಿಗೆ ಹಿಡಿದು ನೋಡಿ: ಚರೆ ಹೊಕ್ಕ ಕಡೆ ಕಪ್ಪು ಚುಕ್ಕೆ ಇರತ್ತೆ, ಜೊತೆಗೆ ಒಂದೆರಡು ಎಳೆ ಗರಿಯನ್ನೂ ಒಳಗೆ ಎಳ್ಕೊಂಡು ಹೋಗಿರತ್ತೆ. ಚಾಕು ತುದೀಲಿ ಗರಿ ಎಳೆದ್ರೆ ಚರೆ ಹಿಂದೇನೇ ಬರತ್ತೆ. ಉಕ್ಕಿನ ಚರೆ ಹಲ್ಲು ಮುರಿಯತ್ತೆ, ಹುಷಾರು.

ಸುಮಂತ, ಹೊಲ ಖಾಸಗಿದೋ ಸರ್ಕಾರಿದೋ ಅಂತ ಅವರನ್ನ ಕೇಳಿ ಹೇಳು. ಸರ್ಕಾರದ ಗೇಮ್ ಪ್ರೊಡಕ್ಷನ್ ಏರಿಯಾ, ವಾಟರ್‌ಫೌಲ್ ಪ್ರೊಡಕ್ಷನ್ ಏರಿಯಾ ಆದ್ರೆ ಸೀಸದ ಚರೆ ನಿಷಿದ್ಧ, ಉಕ್ಕಿನದು 2 ಅಥವಾ 3ನೇ ನಂಬರ್ (ಚರೆಯ ಗಾತ್ರ) ತಗೋಬೇಕು. ಖಾಸಗಿ ಆದ್ರೆ ಸೀಸದ 5ನೇ ನಂಬರ್ ಸಾಕು. ಕೋವಿ ಹಳೇದು ಅಂದ್ರೆ ಅದು ಉಕ್ಕು ತಡ್ಕೊಳತ್ತಾ ಅಂತಲೂ ಕೇಳು, ಚೋಕ್ (ನಳಿಗೆ ತುದಿಯ ಕಿರಿದಾದ ಭಾಗ) ಬಿಗಿ ಇರೋ ಹಳೇ ನಳಿಗೆ ಉಬ್ಬಿಹೋಗಬಹುದು.