ಏಳು ವರ್ಷದ ಮಹಾಸಂಕಟ ಬೈಬಲಿನಾಗ ಎಲ್ಲಿ ಐತ್ರಿ?

ಹುಬ್ಬಳ್ಳಿ_ಮಂದಿ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮದು ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ಬಂದ ಕ್ರೈಸ್ತ ಮನಿತನ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಮದುವಿ ಆದಮ್ಯಾಲೆ ಮನಿಯಾಕಿ ಜೋಡಿ ಆಕಿ ಪೆಂತೆಕೋಸ್ತ್ ಸಭೆಗೂ ಹೋಗ್ತೀನಿ. ಅಲ್ಲಿ ಪಾಸ್ಟರ್ ಗ್ವಾಡಿಗೆ ದೊಡ್ಡ ಚಾರ್ಟ್ ಹಾಕಿ ಹೇಳಿದ್ರು, ಮೊದಲು ಸಭೆ, ಅಂದ್ರ ನಂಬಿದ ಮಂದಿ ಎಲ್ಲಾ, ಕರ್ತನ ಹತ್ರ ಮ್ಯಾಲಕ್ಕ ಎತ್ತಲ್ಪಡ್ತದ, ಆಮ್ಯಾಲೆ ಏಳು ವರ್ಷ ಮಹಾಸಂಕಟ, ಕ್ರಿಸ್ತವಿರೋಧಿ ಆಳ್ವಿಕಿ, ಆಮ್ಯಾಲೆ ಕರ್ತನ ಬರೋಣ, ಸಾವಿರ ವರ್ಷದ ರಾಜ್ಯ, ಕಡೀಕ ನ್ಯಾಯತೀರ್ಪು ಅಂತ. ನಮ್ಮ ಸಿಎಸ್‌ಐ ಅಯ್ಯನವರು ಇದನ್ನ ಒಮ್ಮೆನೂ ಹೇಳಿಲ್ಲ, ಕೇಳಿದ್ರ "ಆತನು ಬರ್ತಾನ, ನ್ಯಾಯ ತೀರಿಸ್ತಾನ, ಅಷ್ಟು ಸಾಕು" ಅಂತಾರ. ಬೈಬಲಿನ ಕಡೀ ಪುಸ್ತಕ ಪ್ರಕಟನೆ ಪೂರ್ತಿ ಓದಿದೆ, 42 ತಿಂಗಳು ಐತಿ, 1260 ದಿನ ಐತಿ, ಏಳು ವರ್ಷ ಮಾತ್ರ ಎಲ್ಲೂ ಸಿಗವಲ್ತು. ಎಲ್ಲಿಂದ ಬಂತ್ರಿ ಇದು? ಜಗಳಕ್ಕ ಕೇಳಾಕತ್ತಿಲ್ಲ, ಮನ್ಯಾಗ ದಿನಾ ಇದ ಮಾತು ಅದಕ್ಕ.

ಕೆಜಿಎಫ್_ಬ್ರದರ್:
ಪ್ರೈಸ್ ದ ಲಾರ್ಡ್ ಬ್ರದರ್. ಪ್ರಕಟನೆಲಿ ಹುಡುಕಿದ್ರೆ ಸಿಗಲ್ಲ, ಹಳೇ ಒಡಂಬಡಿಕೆಯ ದಾನಿಯೇಲ ಪುಸ್ತಕದ 9ನೇ ಅಧ್ಯಾಯ ತೆಗೀರಿ, ವಚನ 24ರಿಂದ 27. ಎಪ್ಪತ್ತು ವಾರ ಅಂತಿದೆ, ಒಂದು ದಿನಕ್ಕೆ ಒಂದು ವರ್ಷ ಲೆಕ್ಕ ಹಾಕಿದ್ರೆ 490 ವರ್ಷ, ಅದ್ರಲ್ಲಿ 69 ವಾರ ಮೆಸ್ಸೀಯನ ತನಕ ಮುಗೀತು, ಕೊನೇ ವಾರ ಅಂದ್ರೆ ಏಳು ವರ್ಷ ಬಾಕಿ. ಆ ವಾರದ ಮಧ್ಯದಲ್ಲಿ ಬಲಿ ನಿಲ್ಲಿಸ್ತಾನೆ ಅಂತ 27ರಲ್ಲಿದೆ ಅಲ್ವಾ, ನಿಮ್ಮ 42 ತಿಂಗಳು ಅದರ ಅರ್ಧ. ಇಸ್ರಾಯೇಲ್ಯರು ಮೆಸ್ಸೀಯನನ್ನ ಒಪ್ಪದೆ ಹೋದಾಗ ಆ ಗಡಿಯಾರ ನಿಂತುಹೋಯ್ತು, ಈಗ ನಡೀತಿರೋದು ಸಭೆಯ ಕಾಲ, ಸಭೆ ಎತ್ತಲ್ಪಟ್ಟ ಮೇಲೆ ಮತ್ತೆ ಓಡೋಕೆ ಶುರು. ಎತ್ತಲ್ಪಡೋದಕ್ಕೆ ಪೌಲ ಥೆಸಲೋನಿಕದವರಿಗೆ ಬರೆದ ಪತ್ರ ನೋಡಿ, 1 ಥೆಸಲೋನಿಕ 4:16-17. ದೇವರು ನಮ್ಮನ್ನ ಕೋಪಕ್ಕೆ ನೇಮಿಸಿಲ್ಲ ಅಂತ 5:9ರಲ್ಲಿದೆ, ಹಾಗಾಗಿ ಸಭೆ ಆ ಏಳು ವರ್ಷ ನೋಡೋದೇ ಇಲ್ಲ.

ಮೈಸೂರು_ಓದುಗ:
ಬ್ರದರ್ ತಮ್ಮ ಬೋಧನೆನ ನೀಟಾಗಿ ಹೇಳಿದ್ದಾರೆ, ಆದ್ರೆ 69ಕ್ಕೂ 70ಕ್ಕೂ ಮಧ್ಯೆ ಎರಡು ಸಾವಿರ ವರ್ಷದ ಗ್ಯಾಪ್ ಇದೆ ಅನ್ನೋದು ವಚನದಲ್ಲಿಲ್ಲ, ಅದು ವ್ಯಾಖ್ಯಾನ, ಜಗಳ ಎಲ್ಲಾ ಇರೋದೇ ಆ ಗ್ಯಾಪಲ್ಲಿ. 70ನೇ ವಾರನೂ ಯೇಸುವಿನ ಕಾಲದಲ್ಲೇ ಬಂತು, ಬಲಿ ನಿಲ್ಲಿಸಿದವನು ಶಿಲುಬೆ ಮೇಲೆ ಸತ್ತ ಯೇಸುವೇ ಅಂತ ಓದೋರು ಬಹಳ ಜನ ಇದ್ದಾರೆ. ಅಂದ್ರೆ ನೋಡಿ, ಅದೇ 27ನೇ ವಚನದಲ್ಲಿ ಒಬ್ಬರಿಗೆ ಕ್ರಿಸ್ತ ಕಾಣ್ತಾನೆ, ಇನ್ನೊಬ್ಬರಿಗೆ ಕ್ರಿಸ್ತವಿರೋಧಿ!

ಆ ಚಾರ್ಟ್ ಇದೆಯಲ್ಲ, ಅದನ್ನ ಹರಡಿದ್ದು 1830ರ ದಶಕದಿಂದ ಜಾನ್ ನೆಲ್ಸನ್ ಡಾರ್ಬಿ, ಮೊದಲು ಐರ್ಲೆಂಡಲ್ಲಿ ಆಂಗ್ಲಿಕನ್ ಪಾದ್ರಿ, ಆಮೇಲೆ ಬ್ರೆದರನ್ ಅನ್ನೋ ಪ್ರೊಟೆಸ್ಟೆಂಟ್ ಗುಂಪಿನವರು. 1909ರಲ್ಲಿ ಸ್ಕೋಫೀಲ್ಡ್ ಅನ್ನೋರು ಬೈಬಲ್ ಪುಟದ ಕೆಳಗೇ ಇದೇ ರೀತಿ ಟಿಪ್ಪಣಿ ಹಾಕಿ ಪ್ರಿಂಟ್ ಮಾಡಿಸಿದ್ರು, ಓದೋರಿಗೆ ವಚನ ಯಾವುದು ಟಿಪ್ಪಣಿ ಯಾವುದು ಅನ್ನೋದೇ ಕಲಸಿಹೋಯ್ತು ಅಂತ ನನ್ನ ಅನಿಸಿಕೆ. ಆದ್ರೆ ಸಾವಿರ ವರ್ಷದ ರಾಜ್ಯ ಹೊಸದಲ್ಲ, ಎರಡನೇ ಶತಮಾನದ ಬಿಷಪ್ ಐರೇನಿಯಸ್ ಅದನ್ನ ಅಕ್ಷರಶಃ ನಂಬಿದ್ದ, ಆದ್ರೆ ಸಭೆ ಕ್ರಿಸ್ತವಿರೋಧಿಯ ಕಾಲ ದಾಟಿಯೇ ಹೋಗುತ್ತೆ ಅಂತಿದ್ದ. ಐದನೇ ಶತಮಾನದಲ್ಲಿ ಅಗಸ್ಟೀನ್ ಬಂದು ಪ್ರಕಟನೆ 20ರ ಸಾವಿರ ವರ್ಷ ಅಂದ್ರೆ ಈಗ ನಡೀತಿರೋ ಸಭೆಯ ಕಾಲವೇ ಅಂದ, ಲೂಥರ್ ಕ್ಯಾಲ್ವಿನ್ ಎಲ್ಲಾ ಹೆಚ್ಚುಕಮ್ಮಿ ಆ ದಾರಿಯವರೇ. ನಿಮ್ಮ ಅಯ್ಯನವರ "ಅಷ್ಟು ಸಾಕು" ಅಲ್ಲಿಂದ ಬಂದಿದ್ದು.

ಇನ್ನು ಕೆಲವರು ಮತ್ತಾಯ 24:34 (ಇದೆಲ್ಲಾ ಆಗೋ ತನಕ ಈ ತಲೆಮಾರು ಅಳಿಯಲ್ಲ ಅನ್ನೋ ಮಾತು) ಹಿಡ್ಕೊಂಡು ಬಹುಪಾಲು ಕ್ರಿ.ಶ. 70ರಲ್ಲಿ ಯೆರೂಸಲೇಮ್ ದೇವಾಲಯ ಬಿದ್ದಾಗಲೇ ನೆರವೇರಿತು, ಪ್ರಕಟನೆಯ ಮೃಗದ ಸಂಖ್ಯೆ 666 ಅಂದ್ರೆ ರೋಮ್ ಚಕ್ರವರ್ತಿ ನೀರೋ ಅಂತಾರೆ. ಅವರಿಗೆ ತೊಡಕು ಅಂದ್ರೆ ಪ್ರಕಟನೆಯ ದರ್ಶನ ಆಗಿದ್ದು ಆಮೇಲಿನ ಚಕ್ರವರ್ತಿ ಡೊಮಿಷಿಯನ್ ಆಳ್ವಿಕೆಯ ಕೊನೇಲಿ ಅಂತ ಅದೇ ಐರೇನಿಯಸ್ ಬರೆದಿಟ್ಟಿದ್ದಾನೆ, ಅಷ್ಟೊತ್ತಿಗೆ ನೀರೋ ಸತ್ತು ಇಪ್ಪತ್ತು ವರ್ಷದ ಮೇಲಾಗಿತ್ತು.

ಕುಡ್ಲದ_ಕಥೊಲಿಕ:
ನಮ್ಮಲ್ಲಿ ಈ ಚಾರ್ಟೇ ಇಲ್ಲ ಮಾರಾಯ್ರೆ. ಅಂತ್ಯಕ್ಕೆ ಮೊದಲು ಸಭೆಗೆ ಒಂದು ಕೊನೆಯ ಪರೀಕ್ಷೆ ಉಂಟು, ದಾಟಿಯೇ ಹೋಗಬೇಕು ಅಂತ ಕಲಿಸ್ತಾರೆ. ಕ್ರಿಸ್ತ ಭೂಮಿ ಮೇಲೆ ಕಣ್ಣಿಗೆ ಕಾಣುವ ಹಾಗೆ ಸಾವಿರ ವರ್ಷ ಆಳ್ತಾನೆ ಅಂತ ಕಲಿಸುವುದು ಸುರಕ್ಷಿತ ಅಲ್ಲ ಅಂತ 1944ರಲ್ಲಿ ರೋಮ್‌ನಿಂದಲೇ ಬಂದಿದೆ.

ಆದರೆ ಹುಬ್ಬಳ್ಳಿಯವರೇ, ಬಾಸೆಲ್ ಮಿಷನ್ ಅಂದ್ರಲ್ಲ, ಅಲ್ಲಿ ಒಂದು ತಮಾಷೆ ಉಂಟು. ಆ ಮಿಷನರಿಗಳಲ್ಲಿ ತುಂಬಾ ಜನ ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯವರು, ಅಲ್ಲಿನ ಭಕ್ತರಿಗೆ ದೊಡ್ಡ ಗುರು ಬೆಂಗೆಲ್, 1752ರಲ್ಲಿ ತೀರಿಹೋದವರು, ಅವರು ಪ್ರಕಟನೆ ಪುಸ್ತಕದ ಲೆಕ್ಕ ಹಾಕಿ ಸಾವಿರ ವರ್ಷದ ಕಾಲ ಶುರುವಾಗುವುದು 1836ರಲ್ಲಿ ಅಂತ ವರ್ಷವನ್ನೇ ಹೇಳಿಬಿಟ್ಟಿದ್ದರು! ಮಿಷನ್ ಮಂಗಳೂರಿಗೆ ಬಂದದ್ದು 1834. 1836ರಲ್ಲಿ ಆ ಕಾಲ ಬರಲಿಲ್ಲ, ಮಿಷನರಿ ಮೋಗ್ಲಿಂಗ್ ಬಂದರು, 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಶುರು ಮಾಡಿದರು. ಹಾಗಾಗಿ ಲೆಕ್ಕ ಹಾಕುವ ಚಟ ಪೆಂತೆಕೋಸ್ತಿನವರದ್ದು ಮಾತ್ರ ಅಂತ ಯಾರೂ ನಗುವುದು ಬೇಡ.

ಕೆಜಿಎಫ್_ಬ್ರದರ್:
ದಿನ ಹೇಳೋದು ನಮ್ಮ ಬೋಧನೆನೇ ಅಲ್ಲ, ಆ ದಿನ ಯಾರಿಗೂ ಗೊತ್ತಿಲ್ಲ ಅನ್ನೋ ಮತ್ತಾಯ 24:36 ನಮ್ಮ ಬೈಬಲಲ್ಲೂ ಇದೆ. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್‌ನ ಜನ ಕರ್ತ ಬರೋದು 22 ಅಕ್ಟೋಬರ್ 1844 ಅಂತ ಕಾದ್ರು, ಅವರು ಎತ್ತಿಕೊಂಡಿದ್ದು ದಾನಿಯೇಲ 8ರ 2300 ದಿನದ ಲೆಕ್ಕ, ನಮಗೂ ಅದಕ್ಕೂ ಸಂಬಂಧ ಇಲ್ಲ.

ಹುಬ್ಬಳ್ಳಿ_ಮಂದಿ:
ಭಾಳ ಉಪಕಾರ ಆತ್ರಿ. ಎಲ್ಲಾನೂ ಮನಿಯಾಕಿಗೆ ಓದಿ ಹೇಳಿದೆ. ಆಕಿ ಕೇಳಾಕತ್ತಾಳ, 2 ಥೆಸಲೋನಿಕ 2:3ರಾಗ ಅಧರ್ಮಪುರುಷ ಮೊದಲು ಬರಬೇಕು ಅಂತ ಐತಲ್ಲ, ಅದು ಚಾರ್ಟ್‌ನ್ಯಾಗ ಎಲ್ಲಿ ಕುಂದರ್ತದ ಅಂತ.

ಕೆಜಿಎಫ್_ಬ್ರದರ್:
ಸಿಸ್ಟರ್ ಒಳ್ಳೇ ಪ್ರಶ್ನೆ ಕೇಳಿದ್ರು. ಅಲ್ಲಿ ಹೇಳ್ತಿರೋದು ಕರ್ತನ ದಿನದ ಬಗ್ಗೆ, ಎತ್ತಲ್ಪಡೋದರ ಬಗ್ಗೆ ಅಲ್ಲ. 7ನೇ ವಚನದಲ್ಲಿ ತಡೆಯುವವನು ಅಂತಿದೆ, ನಮ್ಮವರು ಅದು ಪವಿತ್ರಾತ್ಮ ಅಂತಾರೆ, ಸಭೆ ಹೋದ್ಮೇಲೆ ಆ ತಡೆ ಇರಲ್ಲ.

ಮೈಸೂರು_ಓದುಗ:
ಹಳೇ ಕಾಲದ ಕ್ರೈಸ್ತ ಲೇಖಕ ತೆರ್ತುಲಿಯನ್ ಆ ತಡೆ ರೋಮ್ ಸಾಮ್ರಾಜ್ಯ ಅಂದಿದ್ದ. ಅಗಸ್ಟೀನ್ ಅಂತೂ ಇಲ್ಲಿ ಪೌಲ ಏನು ಹೇಳ್ತಿದ್ದಾನೋ ನನಗೆ ಗೊತ್ತಿಲ್ಲ ಅಂತ ನೇರವಾಗೇ ಬರೆದುಬಿಟ್ಟ. 6ನೇ ವಚನದಲ್ಲಿ "ನಿಮಗೆ ಗೊತ್ತಲ್ಲ" ಅನ್ನೋ ಥರ ಬರೀತಾನೆ ಪೌಲ, ಎದುರಿಗೇ ಹೇಳಿಕೊಟ್ಟಿದ್ದನಂತೆ, ಥೆಸಲೋನಿಕದವರು ಯಾರಾದ್ರೂ ಒಂದು ಸಾಲು ಬರೆದಿಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು.