ಸರ್ಫಿಂಗ್ ಕಲಿಯಲು ಹೊರಟಿದ್ದೇವೆ, ತೊರಕೆ ಮೀನು ಚುಚ್ಚಿದರೆ ಏನು ಮಾಡಬೇಕು?

ಪ್ರಶ್ನೆ (ತೀರ್ಥಹಳ್ಳಿಯಿಂದ):
ಡಾಕ್ಟರ್ ಮೇಡಂ, ನಮಸ್ಕಾರ. ಮುಂದಿನ ತಿಂಗಳು ನಾವು ಸ್ನೇಹಿತರು ಸೇರಿ ಆಗುಂಬೆ ಘಾಟಿ ಇಳಿದು ಮೂಲ್ಕಿಗೆ ಹೋಗುತ್ತಿದ್ದೇವೆ. ಸಮುದ್ರದಲ್ಲಿ ಸರ್ಫಿಂಗ್ ಕಲಿಯುವುದು, ಆಮೇಲೆ ಶಾಂಭವಿ ನದಿಯಲ್ಲಿ ಪ್ಯಾಡಲ್ ಬೋರ್ಡ್ (ಹಲಗೆಯ ಮೇಲೆ ನಿಂತು ಹುಟ್ಟು ಹಾಕುವುದು). ಯಾರೋ ತೊರಕೆ ಮೀನಿನ (ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು, ಸ್ಟಿಂಗ್‌ರೇ) ವಿಷಯ ಹೇಳಿದ್ದಾರೆ, ಅಮ್ಮ ಹೆದರಿಬಿಟ್ಟಿದ್ದಾರೆ. ಮೊಸಳೆ ಹಿಡಿಯುತ್ತಿದ್ದ ಟಿವಿಯ ಸ್ಟೀವ್ ಇರ್ವಿನ್ ಸತ್ತಿದ್ದು ಇದರಿಂದಲೇ ಅಲ್ವಾ ಎಂದು ಕೇಳುತ್ತಾರೆ. ನಿಜಕ್ಕೂ ಅಷ್ಟು ಅಪಾಯವಾ? ಚುಚ್ಚಿದರೆ ಏನು ಮಾಡಬೇಕು?

ಉತ್ತರ (ಶಿವಮೊಗ್ಗದಲ್ಲಿ ತುರ್ತು ಚಿಕಿತ್ಸೆ ವೈದ್ಯೆ):
ನಮಸ್ಕಾರ. ನನ್ನ ತವರು ಕುಂದಾಪುರದ ಕಡೆ. ತೊರಕೆಯನ್ನು ಬಲೆಯಲ್ಲೂ ನೋಡಿದ್ದೇನೆ, ಅದು ಚುಚ್ಚಿದ ಕಾಲುಗಳನ್ನು ಆಸ್ಪತ್ರೆಯಲ್ಲೂ ನೋಡಿದ್ದೇನೆ. ಆದ್ದರಿಂದ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಮೊದಲು ಅಮ್ಮನ ಪ್ರಶ್ನೆ. ಹೌದು, ಸ್ಟೀವ್ ಇರ್ವಿನ್ 2006ರ ಸೆಪ್ಟೆಂಬರ್ 4ರಂದು ಆಸ್ಟ್ರೇಲಿಯಾದಲ್ಲಿ ತೀರಿಕೊಂಡಿದ್ದು ತೊರಕೆಯ ಮುಳ್ಳಿನಿಂದಲೇ. ಆದರೆ ಅವರು ನೀರಿನೊಳಗೆ ದೊಡ್ಡ ತೊರಕೆಯೊಂದರ ತೀರಾ ಹತ್ತಿರ ಈಜುತ್ತಾ ಚಿತ್ರೀಕರಣ ಮಾಡುತ್ತಿದ್ದರು, ಮುಳ್ಳು ನೇರ ಎದೆಗೆ ಹೊಕ್ಕಿತು. ಇಂಥದ್ದು ಬಹಳ ಅಪರೂಪ. ಸಾಮಾನ್ಯವಾಗಿ ಪೆಟ್ಟು ಬೀಳುವುದು ಪಾದಕ್ಕೆ, ಹಿಮ್ಮಡಿ ಗಂಟಿನ ಆಸುಪಾಸಿಗೆ. ನೋವು ಭಯಂಕರ, ಜೀವಕ್ಕೆ ಅಪಾಯ ಕಡಿಮೆ. ನಮ್ಮ ಕರಾವಳಿಯಲ್ಲಿ ಪ್ರವಾಸಕ್ಕೆ ಹೋದವರ ಜೀವ ತೆಗೆಯುವುದು ನೀರಿನ ಸೆಳೆತ, ತೊರಕೆಯಲ್ಲ. ಅಮ್ಮನಿಗೆ ಹೆದರಿಕೆ ಇರಲೇಬೇಕು ಎಂದರೆ ಅದರ ಬಗ್ಗೆ ಇರಲಿ. ಕಲಿಸುವವರು ಇಲ್ಲದೆ, ಕೆಂಪು ಬಾವುಟ ಇದ್ದಾಗ ನೀರಿಗೆ ಇಳಿಯುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟು ಹೋಗಿ.

ತೊರಕೆ ನಿಮ್ಮನ್ನು ಹುಡುಕಿಕೊಂಡು ಬಂದು ಚುಚ್ಚುವ ಪ್ರಾಣಿ ಅಲ್ಲವೇ ಅಲ್ಲ. ಏಡಿ, ಚಿಪ್ಪು, ಹುಳು ತಿಂದುಕೊಂಡು ಆಳವಿಲ್ಲದ ನೀರಿನಲ್ಲಿ ಮರಳು ಹೊದ್ದು ಮಲಗಿರುತ್ತದೆ. ಮರಳಿನ ಮೇಲೆ ಕಣ್ಣು ಮಾತ್ರ ಕಾಣಬಹುದು, ನೀರು ಕಲಕಿದ್ದರೆ ಅದೂ ಕಾಣುವುದಿಲ್ಲ. ನಾವು ಮೇಲಿಂದ ತುಳಿಯುತ್ತೇವೆ. ಅದು ಬಾಲವನ್ನು ಮೇಲಕ್ಕೆ, ಮುಂದಕ್ಕೆ ಬೀಸುತ್ತದೆ. ಅಷ್ಟೇ ನಡೆಯುವುದು.

ಆ ಮುಳ್ಳನ್ನು ಹತ್ತಿರದಿಂದ ನೋಡಿದರೆ ನೋವು ಏಕೆ ಅಷ್ಟು ಎಂದು ತಿಳಿಯುತ್ತದೆ. ಅದು ಬಾಲದ ತುದಿಯಲ್ಲಿ ಇರುವುದಿಲ್ಲ. ಬಾಲದ ಮೇಲ್ಭಾಗದಲ್ಲಿ, ತುದಿಗಿಂತ ಎಷ್ಟೋ ಹಿಂದೆ ಅಂಟಿಕೊಂಡಂತೆ ಇರುತ್ತದೆ. ಚಪ್ಪಟೆ, ಗಟ್ಟಿ. ಎರಡೂ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲುಗಳು, ಎಲ್ಲವೂ ಬುಡದ ಕಡೆಗೆ ಬಾಗಿರುತ್ತವೆ. ಹಾಗಾಗಿ ಒಳಗೆ ಸಲೀಸಾಗಿ ಹೋಗುತ್ತದೆ, ಹೊರಗೆ ಬರುವಾಗ ಮಾಂಸ ಹರಿದುಕೊಂಡು ಬರುತ್ತದೆ. ಮುಳ್ಳಿನ ಮೇಲೆ ತೆಳ್ಳಗಿನ ಲೋಳೆ ಚರ್ಮ ಇರುತ್ತದೆ, ವಿಷ ಇರುವುದು ಅದರಲ್ಲಿ. ಚುಚ್ಚಿದಾಗ ಆ ಚರ್ಮ ಹರಿದು, ವಿಷವೂ ಚರ್ಮದ ಚೂರುಗಳೂ ಗಾಯದೊಳಗೆ ಉಳಿಯುತ್ತವೆ. ಕೆಲವು ಸಲ ಮುಳ್ಳಿನ ತುಂಡೂ ಉಳಿಯುತ್ತದೆ.

ಚುಚ್ಚಿದ ಕೂಡಲೇ ನೀರಿನಿಂದ ಹೊರಗೆ ಬನ್ನಿ. ಒಬ್ಬರೇ ನಡೆಯಬೇಡಿ, ಸ್ನೇಹಿತರ ಹೆಗಲು ಹಿಡಿಯಿರಿ. ನೋವಿಗೆ ತಲೆ ತಿರುಗಿ ಮೊಣಕಾಲು ನೀರಿನಲ್ಲೇ ಬಿದ್ದುಬಿಡಬಹುದು. ರಕ್ತ ಹರಿಯುತ್ತಿದ್ದರೆ ಚೊಕ್ಕ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕುಡಿಯುವ ನೀರಿನಲ್ಲಿ ಗಾಯ ತೊಳೆಯಿರಿ. ಮೇಲೇ ಕಾಣುವ ಸಣ್ಣ ಚೂರು ಇದ್ದರೆ ತೆಗೆಯಬಹುದು. ಆಳಕ್ಕೆ ನೆಟ್ಟಿದ್ದರೆ ಎಳೆಯಬೇಡಿ. ಎದೆ, ಹೊಟ್ಟೆ, ಕುತ್ತಿಗೆ, ತೊಡೆಸಂದು, ಇಲ್ಲೆಲ್ಲ ಹೊಕ್ಕ ಮುಳ್ಳನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಅದು ರಕ್ತನಾಳಕ್ಕೆ ಅಡ್ಡ ನಿಂತಿರಬಹುದು. ಅಲುಗದಂತೆ ಸುತ್ತ ಬಟ್ಟೆ ಇಟ್ಟು 108ಕ್ಕೆ ಕರೆ ಮಾಡಿ.

ಕಾಲಿಗೋ ಕೈಗೋ ಆಗಿದ್ದರೆ ಮುಖ್ಯ ಮದ್ದು ಬಿಸಿನೀರು. ಇದು ಅಜ್ಜಿ ಮದ್ದು ಎಂದುಕೊಳ್ಳಬೇಡಿ, ಆಸ್ಪತ್ರೆಯಲ್ಲೂ ನಾವು ಮೊದಲು ಮಾಡುವುದು ಇದನ್ನೇ. ತೊರಕೆಯ ವಿಷ ಪ್ರೋಟೀನ್, ಬಿಸಿಗೆ ಕೆಡುತ್ತದೆ. ನೀರು ಸುಮಾರು 45 ಡಿಗ್ರಿ ಸೆಲ್ಸಿಯಸ್ ಇರಬೇಕು. 30ರಿಂದ 90 ನಿಮಿಷ ಪಾದ ಪೂರ್ತಿ ಮುಳುಗಿರಬೇಕು. ಬೀಚಿನಲ್ಲಿ ಥರ್ಮಾಮೀಟರ್ ಎಲ್ಲಿಂದ ಬರಬೇಕು? ಚಹಾ ಅಂಗಡಿಯಲ್ಲಿ ಕುದಿಯುವ ನೀರು ಕೇಳಿ. ಒಂದು ಪಾಲು ಕುದಿಯುವ ನೀರಿಗೆ ನಾಲ್ಕು ಪಾಲು ನಲ್ಲಿ ನೀರು ಬೆರೆಸಿದರೆ ಹೆಚ್ಚುಕಡಿಮೆ ಆ ಹದಕ್ಕೆ ಬರುತ್ತದೆ. ಪೆಟ್ಟಾಗದ ಕಾಲನ್ನು ಮೊದಲು ಇಳಿಸಿ ನೋಡಿ, ಜೊತೆಗಿದ್ದವರೂ ಕೈ ಅದ್ದಿ ನೋಡಲಿ. ಯಾಕೆಂದರೆ ಉರಿಯುವ ಕಾಲಿಗೆ ಬಿಸಿ ಎಷ್ಟೆಂದು ಗೊತ್ತಾಗುವುದಿಲ್ಲ, ನೋವು ಇಳಿಯಲಿ ಎಂದು ಬೊಬ್ಬೆ ಏಳುವಷ್ಟು ಸುಟ್ಟುಕೊಂಡವರಿದ್ದಾರೆ. ನಮ್ಮ ಬಚ್ಚಲ ಹಂಡೆಯ ಬಿಸಿ ಬೇಡವೇ ಬೇಡ. ನೀರು ಆರುತ್ತಾ ಬಂದಾಗ ಕಾಲು ಹೊರಗೆ ತೆಗೆದು, ಬಿಸಿ ಸೇರಿಸಿ, ಕಲಕಿ, ಮತ್ತೆ ಇಳಿಸಿ. ಕಾರಿನಲ್ಲಿ ದೊಡ್ಡ ಫ್ಲಾಸ್ಕ್ ಮತ್ತು ಬಕೆಟ್ ಇಟ್ಟುಕೊಂಡು ಹೋಗಿ, ಅಷ್ಟು ಸಾಕು.

ನೋವು ಮೊದಲ ಒಂದೂವರೆ ಗಂಟೆಯೊಳಗೆ ಜಾಸ್ತಿಯಾಗುತ್ತಾ ಹೋಗುತ್ತದೆ. ಏನೂ ಮಾಡದಿದ್ದರೆ ಎರಡು ದಿನದವರೆಗೂ ಎಳೆಯಬಹುದು. ಬಿಸಿನೀರಿನಲ್ಲಿ ನೋವು ಇಳಿಯಿತು ಎಂದು ಸುಮ್ನೆ ಊರಿಗೆ ಹೊರಟುಬಿಡಬೇಡಿ. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಗಾಯಕ್ಕೆ ಬಟ್ಟೆ ಕಟ್ಟಿಕೊಂಡು, ಘಾಟಿ ಹತ್ತಿ, ಮನೆಗೆ ಬಂದು, ಮಾರನೆಯ ದಿನ ಕಾಲು ಬಾತುಕೊಂಡ ಮೇಲೆ ನಮ್ಮ ಹತ್ತಿರ ಬರುವವರೇ ಹೆಚ್ಚು. ಕರಾವಳಿಯಲ್ಲೇ ಆಸ್ಪತ್ರೆಗೆ ಹೋಗಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಗಾಯ ಚೆನ್ನಾಗಿ ತೊಳೆಯಬೇಕು, ಎಕ್ಸ್‌ರೇ ತೆಗೆದು ಚೂರು ಉಳಿದಿದೆಯಾ ನೋಡಬೇಕು, ಟಿಟಿ ಹಾಕಿಸಬೇಕು. ಆಳದ ಗಾಯವಾದರೆ ಆಂಟಿಬಯೋಟಿಕ್ ಕೂಡ ಬೇಕು.

ಪ್ರಶ್ನೆ (ಭದ್ರಾವತಿಯಿಂದ):
ಮೇಡಂ, ನಮ್ಮ ಕಡೆ ಏನೇ ಚುಚ್ಚಿದರೂ ಅರಿಶಿನ, ಸುಣ್ಣ, ಕಾಫಿ ಪುಡಿ ಹಚ್ಚುತ್ತಾರೆ. ವಿಷ ಏರಬಾರದು ಎಂದು ಮೇಲೆ ಹಗ್ಗ ಬಿಗಿಯುತ್ತಾರೆ. ಇದಕ್ಕೂ ಹಾಗೆ ಮಾಡಬಹುದಾ? ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಕೊಡಿಸಬಹುದಾ?

ಉತ್ತರ:
ಹಗ್ಗ ಬಿಗಿಯಬೇಡಿ. ತೊರಕೆಗೂ ಬೇಡ, ಹಾವಿಗೂ ಬೇಡ. ಬಿಗಿದ ಕಾಲಿಗೆ ರಕ್ತ ಹೋಗದೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಅರಿಶಿನ, ಕಾಫಿ ಪುಡಿ ಹಾಕಿದರೆ ನಮಗೆ ಗಾಯದ ತಳವೇ ಕಾಣುವುದಿಲ್ಲ. ಸುಣ್ಣ ಚರ್ಮ ಸುಡುತ್ತದೆ. ಬ್ಲೇಡಿನಲ್ಲಿ ಕೊಯ್ಯುವುದು, ಬಾಯಲ್ಲಿ ಹೀರುವುದು, ಮೂತ್ರ ಹಾಕುವುದು ಯಾವುದೂ ಬೇಡ. ಹಾವಿನ ಔಷಧಿ ಈ ವಿಷಕ್ಕೆ ಕೆಲಸ ಮಾಡುವುದಿಲ್ಲ, ತೊರಕೆಗೆಂದೇ ಬೇರೆ ಇಂಜೆಕ್ಷನ್ನೂ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಬಿಸಿನೀರು, ಗಾಯದ ಆರೈಕೆ, ನೋವಿನ ಔಷಧಿ, ಇಷ್ಟೇ ಚಿಕಿತ್ಸೆ.

ಸಕ್ಕರೆ ಕಾಯಿಲೆ ಅಥವಾ ಲಿವರ್ ತೊಂದರೆ ಇರುವವರು ಇನ್ನೂ ಜಾಗ್ರತೆ ಮಾಡಬೇಕು. ಸಮುದ್ರದ ನೀರಿನಲ್ಲಿ ವಿಬ್ರಿಯೋ ಎಂಬ ಜಾತಿಯ ಬ್ಯಾಕ್ಟೀರಿಯಾ ಇರುತ್ತವೆ. ಇಂಥವರ ಗಾಯದಲ್ಲಿ ಅವು ಬೇಗ ಹಬ್ಬಬಹುದು. ಕೆಂಪು ಮೇಲೇರುತ್ತಾ ಹೋಗುವುದು, ಜ್ವರ, ಕಪ್ಪು ಗುಳ್ಳೆ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಬನ್ನಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಬಿಸಿನೀರಿನ ಹದವನ್ನು ಬೇರೆಯವರೇ ನೋಡಬೇಕು.

ಪ್ರಶ್ನೆ (ಶಿವಮೊಗ್ಗದಿಂದ):
ಚುಚ್ಚದ ಹಾಗೆ ನೋಡಿಕೊಳ್ಳುವುದು ಹೇಗೆ ಮೇಡಂ? ರಬ್ಬರ್ ಬೂಟು ಹಾಕಿದರೆ ಸಾಕಾ?

ಉತ್ತರ:
ಬೂಟಿನಿಂದ ಚಿಪ್ಪು, ಕಲ್ಲು ತಾಗುವುದು ತಪ್ಪುತ್ತದೆ. ತೊರಕೆ ಮುಳ್ಳು ಮಾತ್ರ ಅದನ್ನೂ ದಾಟಬಲ್ಲದು, ಪೆಟ್ಟು ಬೀಳುವುದೂ ಎಷ್ಟೋ ಸಲ ಬೂಟಿಗಿಂತ ಮೇಲೆ. ನಡೆಯುವ ರೀತಿಯೇ ಮುಖ್ಯ. ಅಂಗಳದಲ್ಲಿ ಭತ್ತ ಒಣಹಾಕಿದಾಗ ಪಾದ ಎತ್ತದೆ, ಗೆರೆ ಎಳೆಯುತ್ತಾ ತಿರುವಿ ಹಾಕುತ್ತೇವಲ್ಲ, ಬೋರ್ಡ್ ಹಿಡಿದು ನೀರಿಗೆ ಇಳಿಯುವಾಗ ಹಾಗೇ ನಡೆಯಿರಿ. ಪಾದ ಮರಳಿನಲ್ಲೇ ಜಾರುತ್ತಾ ಹೋಗಲಿ. ಮರಳು ಅಲುಗಿದ್ದು ತೊರಕೆಗೆ ತಿಳಿಯುತ್ತದೆ, ಅದು ಎದ್ದು ಹೋಗುತ್ತದೆ. ಪಾದ ತಗುಲಿದರೂ ಪಕ್ಕದಿಂದ ತಗಲುತ್ತದೆ, ಬೆನ್ನಿನ ಮೇಲೆ ಭಾರ ಬೀಳುವುದಿಲ್ಲ. ಹೊರಗೆ ಬರುವಾಗಲೂ ಹೀಗೇ. ಸುಸ್ತಾಗಿ ದಡಕ್ಕೆ ಬರುವ ಹೊತ್ತಿನಲ್ಲೇ ಎಲ್ಲರೂ ಇದನ್ನು ಮರೆಯುವುದು.

ಸರ್ಫಿಂಗ್‌ನಲ್ಲಿ ಹೊಸಬರು ಬೋರ್ಡಿನಿಂದ ಕಾಲು ಕೆಳಗೆ ಮಾಡಿ ಧಡ್ ಎಂದು ಹಾರುತ್ತಾರೆ. ಹಾಗೆ ಬೇಡ. ಮೈ ಚಪ್ಪಟೆಯಾಗಿ ನೀರಿನ ಮೇಲೆ ಬೀಳುವುದನ್ನು ಮೊದಲ ದಿನವೇ ಕಲಿಸಿಕೊಡಿ ಎಂದು ಕೇಳಿ. ಆಳವಿಲ್ಲದ ಕಡೆ ಕಾಲು ಉಳುಕುವುದೂ ಇದರಿಂದ ತಪ್ಪುತ್ತದೆ. ಬೋರ್ಡಿನ ಮೇಲೆ ಮಲಗಿ ಕೈ ಹಾಕುವಾಗ ಎದೆಗೂ ನೀರಿಗೂ ನಡುವೆ ಬೋರ್ಡೇ ಇರುತ್ತದೆ, ಎದೆಗೆ ಚುಚ್ಚೀತು ಎಂಬ ಭಯ ಬಿಡಿ.

ಪ್ಯಾಡಲ್ ಬೋರ್ಡಿನವರಿಗೆ ಒಂದು ಅನುಕೂಲ ಇದೆ. ನಿಂತಿರುವುದರಿಂದ ತಿಳಿನೀರಿನಲ್ಲಿ ತಳ ಕಾಣುತ್ತದೆ. ಪೋಲರಾಯ್ಡ್ ಕನ್ನಡಕ ಹಾಕಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಇಳಿಯುವ ಮೊದಲು ಮಂಡಿಯೂರಿ ಕುಳಿತು, ಪ್ಯಾಡಲ್‌ನಿಂದ ಸುತ್ತಲ ಮರಳನ್ನು ಮೆಲ್ಲಗೆ ಕೆದಕಿ, ಆಮೇಲೆ ಕಾಲು ಇಳಿಬಿಡಿ. ಅಳಿವೆಯ ಹತ್ತಿರ ಮರಳು, ಕೆಸರು ಬೆರೆತ ಜಾಗದಲ್ಲಿ ಇದನ್ನು ಬಿಡಲೇಬೇಡಿ. ಬೋರ್ಡಿನ ಕೆಳಗೆ ತೊರಕೆ ಸಾಗುವುದು ಕಂಡರೆ ನಿಮ್ಮ ಅದೃಷ್ಟ, ನಿಂತು ನೋಡಿ. ಎರಡು ರೆಕ್ಕೆ ಅಲೆಯಂತೆ ಏಳುತ್ತಾ ಇಳಿಯುತ್ತಾ ಹೋಗುವುದು ಬಹಳ ಚೆಂದ. ಬೆನ್ನಟ್ಟಬೇಡಿ, ಪ್ಯಾಡಲ್‌ನಿಂದ ತಿವಿಯಬೇಡಿ.

ಪ್ರತಿಕ್ರಿಯೆ (ಬೈಂದೂರಿನವರು, ಈಗ ಶಿವಮೊಗ್ಗದಲ್ಲಿ):
ಅಕ್ಕ ಬರೆದಿದ್ದು ಸರಿ. ನಮ್ಮದು ಮೀನು ಹಿಡಿಯುವ ಮನೆ. ಒಂದು ಮಾತು ಸೇರಿಸುತ್ತೇನೆ. ದಡದಲ್ಲಿ ಕೈರಂಪಣಿ ಬಲೆ ಎಳೆದಾಗ ಪ್ರವಾಸಿಗರು ಓಡಿ ಬಂದು ಮೀನಿನ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ಸತ್ತ ತೊರಕೆ ಎಂದು ಬಾಲ ಹಿಡಿದು ಎತ್ತುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮವರು ಮೊದಲು ಮುಳ್ಳು ಕಡಿದು ತೆಗೆದು, ಆಮೇಲೆ ಬುಟ್ಟಿಗೆ ಹಾಕುವುದು ಸುಮ್ಮನೆ ಅಲ್ಲ.

ಉತ್ತರ:
ಬಹಳ ಒಳ್ಳೆಯ ಮಾತು ಹೇಳಿದಿರಿ ತಮ್ಮಾ. ಮೀನು ಸತ್ತರೂ ಮುಳ್ಳಿನಲ್ಲಿ ವಿಷ ಉಳಿದಿರುತ್ತದೆ. ಮಕ್ಕಳನ್ನು ಬಲೆಯ ಹತ್ತಿರ ಬರಿಗಾಲಲ್ಲಿ ಬಿಡಬೇಡಿ. ಕಡಿದು ಹಾಕಿದ ಮುಳ್ಳು ಮರಳಿನಲ್ಲಿ ಬಿದ್ದಿದ್ದರೂ ಚುಚ್ಚಬಹುದು.

ಪ್ರಶ್ನೆ (ಸಾಗರದಿಂದ):
ನಾವು ಹೊನ್ನೆಮರಡುವಿನಲ್ಲಿ ದೋಣಿ, ಪ್ಯಾಡಲ್ ಅಂತ ಹಿನ್ನೀರಿಗೆ ಇಳಿಯುತ್ತೇವೆ. ಶರಾವತಿ ಸಮುದ್ರ ಸೇರುತ್ತದಲ್ಲ, ಅಲ್ಲಿಂದ ತೊರಕೆ ಮೇಲೆ ಬರುವುದಿಲ್ಲವಾ?

ಉತ್ತರ:
ಬರಲು ದಾರಿಯೇ ಇಲ್ಲ. ಮಧ್ಯದಲ್ಲಿ ಗೇರುಸೊಪ್ಪೆ ಅಣೆಕಟ್ಟು, 253 ಮೀಟರ್ ಎತ್ತರದ ಜೋಗ, ಮೇಲೆ ಲಿಂಗನಮಕ್ಕಿ. ಗಂಗಾ ನದಿಯಲ್ಲಿ, ದೂರದ ಅಮೆಜಾನ್‌ನಲ್ಲಿ ಸಿಹಿನೀರಿನ ತೊರಕೆಗಳಿವೆ, ನಮ್ಮ ಮಲೆನಾಡಿನ ಹೊಳೆಗಳಲ್ಲಿ ಇಲ್ಲ. ಇದೇ ಶರಾವತಿ ಹೊನ್ನಾವರದ ಹತ್ತಿರ ಉಪ್ಪುನೀರು ಸೇರುವ ಕಡೆ ಮಾತ್ರ ಕಾಲು ಎಳೆದುಕೊಂಡೇ ನಡೆಯಿರಿ.

ಹಿನ್ನೀರಿನಲ್ಲಿ, ಗದ್ದೆ ಬದಿಯ ಕೆಸರಿನಲ್ಲಿ ನಮ್ಮವರಿಗೆ ಚುಚ್ಚುವುದು ಚೇಳು ಮೀನು. ಪಕ್ಕದ ರೆಕ್ಕೆಯಲ್ಲಿ ವಿಷದ ಮುಳ್ಳಿದೆ. ಗಾಳದಿಂದ ಬಿಡಿಸುವಾಗ ಬೆರಳಿಗೆ ತಾಗುತ್ತದೆ. ಅದಕ್ಕೂ ಇದೇ ಬಿಸಿನೀರಿನ ಮದ್ದು ಕೆಲಸ ಮಾಡುತ್ತದೆ. ಆದರೆ ಚುಚ್ಚಿದ್ದು ಮೀನೇ ಎಂದು ಕಣ್ಣಾರೆ ನೋಡಿರಬೇಕು. ಕಚ್ಚಿದ್ದು ಏನೆಂದು ಗೊತ್ತಿಲ್ಲದಿದ್ದರೆ ಹಾವು ಎಂದೇ ತಿಳಿಯಿರಿ. ಬಿಸಿನೀರು ಅದು ಇದು ಎಂದು ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಬನ್ನಿ. ಲೈಫ್ ಜಾಕೆಟ್ ಇಲ್ಲದೆ ಹಿನ್ನೀರಿಗೆ ಇಳಿಯಬೇಡಿ. ಅಲ್ಲಿ ತಳ ಯಾವಾಗ ತಪ್ಪುತ್ತದೆ ಎಂದು ಗೊತ್ತಾಗುವುದಿಲ್ಲ.

ಪ್ರಶ್ನೆ (ಹೊಸನಗರದಿಂದ):
ಮೇಡಂ, ನನ್ನ ತಮ್ಮನಿಗೆ ಕುಂದಾಪುರದ ಕಡೆ ಸಮುದ್ರದಲ್ಲಿ ತೊರಕೆ ಚುಚ್ಚಿ ತಿಂಗಳಾಗುತ್ತಾ ಬಂತು. ಆಗ ಎಕ್ಸ್‌ರೇ ಮಾಡಿಸಲಿಲ್ಲ. ಮೇಲೆ ಒಣಗಿದೆ, ಆದರೆ ಒತ್ತಿದರೆ ನೋವು, ಆಗಾಗ ನೀರು ಒಸರುತ್ತದೆ. ಮಾತ್ರೆ ತಗೊಂಡಾಗ ಕಡಿಮೆಯಾಗಿ ಮತ್ತೆ ಶುರುವಾಗುತ್ತದೆ.

ಉತ್ತರ:
ಒಳಗೆ ಚೂರು ಉಳಿದಿರುವ ಸಾಧ್ಯತೆ ಜಾಸ್ತಿ. ಚೂರು ಇರುವವರೆಗೆ ಎಷ್ಟು ಮಾತ್ರೆ ನುಂಗಿದರೂ ಹೀಗೇ ಆಗುತ್ತಿರುತ್ತದೆ. ಈ ವಾರವೇ ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ. ತೊರಕೆ ಚುಚ್ಚಿದ್ದು ಎಂದು ಮೊದಲೇ ಹೇಳಿ, ಬರೀ ಮುಳ್ಳು ಎಂದರೆ ಅವರು ಕಟ್ಟಿಗೆ ಮುಳ್ಳು ಎಂದುಕೊಳ್ಳಬಹುದು. ಎಕ್ಸ್‌ರೇಯಲ್ಲಿ ಗಟ್ಟಿ ಮುಳ್ಳು ಕಾಣಬಹುದು, ಅದರ ಮೇಲಿನ ಚರ್ಮದ ಚೂರು ಕಾಣುವುದಿಲ್ಲ. ಆದ್ದರಿಂದ ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದು ಬಂದರೂ ಅಲ್ಲಿಗೇ ಬಿಡಬೇಡಿ, ಸ್ಕ್ಯಾನಿಂಗ್ ಮಾಡಿಸಬೇಕಾ ಎಂದು ಕೇಳಿ. ಒಸರುವ ನೀರನ್ನು ಕಲ್ಚರ್ ಪರೀಕ್ಷೆಗೆ ಕಳಿಸಿದರೆ ಯಾವ ಆಂಟಿಬಯೋಟಿಕ್ ಹಿಡಿಯುತ್ತದೆ ಎಂದು ತಿಳಿಯುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಸೂಜಿ ಹಾಕಿ ಕೆದಕಬೇಡಿ. ಹಳೆಯ ಮಾತ್ರೆ ಚೀಟಿಗಳನ್ನೆಲ್ಲ ಜೊತೆಗೆ ತೆಗೆದುಕೊಂಡು ಹೋಗಿ.