ಹೀಲಿಯಂ ಮೊದಲು ಸಿಕ್ಕಿದ್ದು ಸೂರ್ಯನಲ್ಲಂತೆ, ನಿಜವಾ ಮೇಡಂ?

ಪ್ರಶ್ನೆ (ಬಸವನಗುಡಿಯ ಒಬ್ಬ ಅಪ್ಪ): ನಮಸ್ಕಾರ ಮೇಡಂ. ಕಡಲೆಕಾಯಿ ಪರಿಷೆಯಲ್ಲಿ ಮಗಳಿಗೆ ಗ್ಯಾಸ್ ಬಲೂನ್ ಕೊಡಿಸಿದೆ. ಒಂಬತ್ತನೇ ಕ್ಲಾಸು, ಆದರೂ ಬಲೂನ್ ಬೇಕು. "ಅಪ್ಪಾ, ಇದರೊಳಗಿರೋ ಹೀಲಿಯಂ ಮೊದಲು ಸಿಕ್ಕಿದ್ದು ಸೂರ್ಯನಲ್ಲಿ" ಅಂದಳು. ಅಲ್ಲಿಗೆ ಯಾರು ಹೋಗಿ ತಂದರು ಅಂತ ನಕ್ಕುಬಿಟ್ಟೆ. ಮುಖ ಊದಿಸಿಕೊಂಡಿದ್ದಾಳೆ. ನಾನು ಓದಿದ್ದು ಕಾಮರ್ಸು. ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ (ನಿವೃತ್ತ ಕೆಮಿಸ್ಟ್ರಿ ಲೆಕ್ಚರರ್, ಮಲ್ಲೇಶ್ವರಂ): ಮಗಳು ಹೇಳಿದ್ದು ಸರಿ ಸರ್. ಆದರೆ ಮೊದಲು ಬಲೂನಿನ ವಿಷಯ. ಜಾತ್ರೆ, ಪರಿಷೆಗಳಲ್ಲಿ ಮಾರುವ ಬಲೂನಿನಲ್ಲಿ ಎಷ್ಟೋ ಸಲ ಇರುವುದು ಹೈಡ್ರೋಜನ್. ಹೀಲಿಯಂ ದುಬಾರಿ. ಹೈಡ್ರೋಜನ್‌ಗೆ ಕಿಡಿ ತಗುಲಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ದೇವರ ದೀಪದ ಹತ್ತಿರ ಮಾತ್ರ ಬಿಡಬೇಡಿ.

ಈಗ ಅಡುಗೆಮನೆಗೆ ಬನ್ನಿ. ಸಾರು ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗ ಗ್ಯಾಸಿನ ನೀಲಿ ಉರಿ ಥಟ್ಟನೆ ಹಳದಿಯಾಗುತ್ತದೆ, ನೋಡಿದ್ದೀರಲ್ವಾ? ಅದು ಉಪ್ಪಿನಲ್ಲಿರುವ ಸೋಡಿಯಂ. ದೀಪಾವಳಿ ಪಟಾಕಿಯ ಹಸಿರು ಬೇರಿಯಂನದ್ದು, ಕೆಂಪು ಸ್ಟ್ರಾನ್ಷಿಯಂನದ್ದು. ಸೋಡಿಯಂನ ಆ ಹಳದಿ ಬೆಳಕನ್ನು ಪ್ರಿಸಂ ಮೂಲಕ ಹಾಯಿಸಿದರೆ ಕಾಮನಬಿಲ್ಲು ಬರುವುದಿಲ್ಲ. ಅಕ್ಕಪಕ್ಕ ಅಂಟಿಕೊಂಡ ಎರಡು ಹಳದಿ ಗೆರೆ ಎದ್ದು ಕಾಣುತ್ತವೆ. ಬೆಳಕಿನ ಅಲೆಯ ಉದ್ದದಲ್ಲಿ ಹೇಳುವುದಾದರೆ ಒಂದು 589.0 ನ್ಯಾನೋಮೀಟರ್, ಇನ್ನೊಂದು 589.6. ಪ್ರತಿಯೊಂದು ಧಾತುವಿಗೂ ಅದರದ್ದೇ ಗೆರೆಗಳು. ಮೆಜೆಸ್ಟಿಕ್‌ನಲ್ಲಿ ದೂರದಿಂದಲೇ ಬೋರ್ಡ್ ನೋಡಿ ಬಸ್ ಯಾವುದೆಂದು ಹೇಳುತ್ತೀವಲ್ಲ, ಹಾಗೆ. ಹತ್ತಿರ ಹೋಗಬೇಕಾಗಿಲ್ಲ.

ಈ ದಾರಿ ತೋರಿಸಿದವರು ಜರ್ಮನಿಯ ಬುನ್ಸೆನ್ ಮತ್ತು ಕಿರ್ಖಾಫ್. 1860ರಲ್ಲಿ ಒಂದು ಊರಿನ ಬುಗ್ಗೆ ನೀರು ಬತ್ತಿಸಿ, ಉಳಿದದ್ದನ್ನು ಉರಿಗೆ ಹಿಡಿದರು. ಅಲ್ಲಿಯವರೆಗೆ ಯಾರೂ ನೋಡಿರದ ನೀಲಿ ಗೆರೆಗಳು ಕಂಡವು. ಅದೇ ಸೀಸಿಯಂ ಎಂಬ ಹೊಸ ಧಾತು. ಕೆಲವೇ ಗ್ರಾಂ ಸೀಸಿಯಂ ಲವಣ ತೆಗೆಯಲು 40,000 ಲೀಟರಿಗಿಂತ ಜಾಸ್ತಿ ನೀರು ಬತ್ತಿಸಿದರಂತೆ. ನಮ್ಮೂರಲ್ಲಾದರೆ ಏಳೆಂಟು ಟ್ಯಾಂಕರ್, ಅದೂ ಏಪ್ರಿಲ್ ತಿಂಗಳಾದರೆ ರೇಟು ಕೇಳಬೇಡಿ.

ಎಂಟು ವರ್ಷ ಕಳೆದ ಮೇಲೆ, 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣ. ನೆರಳು ನಮ್ಮ ಜಮಖಂಡಿಯ ಮೇಲೂ ಆಂಧ್ರದ ಗುಂಟೂರಿನ ಮೇಲೂ ಹಾದುಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಕಾದು ಕೂತಿದ್ದರು. ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಯಲ್ಲಿ ಎಷ್ಟು ಢಾಳಾದ ಗೆರೆಗಳಿದ್ದವೆಂದರೆ, ಮಾರನೇ ದಿನ ಗ್ರಹಣವಿಲ್ಲದೆಯೂ ಅವನ್ನು ನೋಡಿದರು. ಆ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕ್ಯರ್ ಕೂಡ ಗ್ರಹಣವಿಲ್ಲದೆ ನೋಡಿದರು. ಅಲ್ಲೊಂದು ಹಳದಿ ಗೆರೆ. ಗ್ರಹಣದ ದಿನ ನೋಡಿದ ಎಷ್ಟೋ ಜನ ಅದು ಸೋಡಿಯಂನದ್ದೇ ಅಂದುಕೊಂಡಿದ್ದರು. ಲಾಕ್ಯರ್ ಜಾಗ ಅಳೆದು ನೋಡಿದರೆ 587.6. ಕೂದಲೆಳೆಯಷ್ಟು ವ್ಯತ್ಯಾಸ, ಆದರೆ ಸೋಡಿಯಂ ಅಲ್ಲವೇ ಅಲ್ಲ. ಗ್ರೀಕರ ಸೂರ್ಯ ಹೀಲಿಯೋಸ್, ಹಾಗಾಗಿ ಹೀಲಿಯಂ. ಅದು ಲೋಹ ಇರಬೇಕು ಎಂಬ ಊಹೆಯಿಂದ ಸೋಡಿಯಂ, ಸೀಸಿಯಂ ಥರ 'ಇಯಂ' ಬಾಲ ಅಂಟಿಸಿದರು. ಬಾಲ ಹಾಗೇ ಉಳಿಯಿತು.

ನೀವು ನಕ್ಕ ಹಾಗೆ ಆಗಿನ ಎಷ್ಟೋ ಕೆಮಿಸ್ಟ್‌ಗಳೂ ನಂಬಲಿಲ್ಲ. ಕೈಗೆ ಸಿಗದ ವಸ್ತುವಿಗೆ ಹೆಸರಿಡುವುದೇ ಅಂತ. 27 ವರ್ಷ ಹೀಗೇ ಹೋಯಿತು. 1895ರಲ್ಲಿ ಲಂಡನ್ನಿನಲ್ಲಿ ರಾಮ್ಸೆ ಯುರೇನಿಯಂ ಇರುವ ಒಂದು ಕಲ್ಲನ್ನು ಆಸಿಡ್‌ನಲ್ಲಿ ಹಾಕಿದರು. ಹುಡುಕುತ್ತಿದ್ದದ್ದು ಆರ್ಗಾನ್ ಎಂಬ ಬೇರೆ ಗ್ಯಾಸು. ಬಂದ ಗ್ಯಾಸಿನಲ್ಲಿ ಅದೇ 587.6ರ ಗೆರೆ! ಅದನ್ನು ನೋಡಲು ಲಾಕ್ಯರ್ ಇನ್ನೂ ಬದುಕಿದ್ದರು.

ಪ್ರಶ್ನೆ (ವಿಜಯನಗರದ ಒಬ್ಬ ಅಕ್ಕ): ಮೇಡಂ, ಜಮಖಂಡಿ ನನ್ನ ತವರೂರು ರೀ! ಇದನ್ನ ಯಾರೂ ನಮಗೆ ಹೇಳೇ ಇಲ್ಲ. ಅಲ್ಲಿಗೂ ಯಾರಾದರೂ ಬಂದಿದ್ದರಾ?

ಉತ್ತರ: ಬಂದಿದ್ದರು ಅಕ್ಕಾ. ಭೂಮಾಪನ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಮಳೆಗಾಲ ನೋಡಿ, ಮೋಡ ಕಾಟ ಕೊಟ್ಟಿತು. ಮೋಡ ಸರಿದ ಗಳಿಗೆಯಲ್ಲಿ ಅವರಿಗೆ ಕೆಂಪು, ಕಿತ್ತಳೆ, ನೀಲಿ ಗೆರೆ ಕಂಡವು.

ಇನ್ನೊಂದು ಮಜಾ ಕೇಳಿ. ಇವರ ಅಜ್ಜ ವಿಲಿಯಂ ಹರ್ಷೆಲ್ 1781ರಲ್ಲಿ ಯುರೇನಸ್ ಗ್ರಹ ಕಂಡುಹಿಡಿದವರು. ಆ ಗ್ರಹದ ಹೆಸರನ್ನೇ 1789ರಲ್ಲಿ ಕ್ಲಾಪ್ರೋತ್ ತಮ್ಮ ಹೊಸ ಧಾತುವಿಗೆ ಇಟ್ಟರು, ಯುರೇನಿಯಂ ಅಂತ. ಮೊಮ್ಮಗ ಜಮಖಂಡಿಯಲ್ಲಿ ನಿಂತು ನೋಡಿದ ಸೂರ್ಯನ ಧಾತು ಕೊನೆಗೆ ಭೂಮಿಯಲ್ಲಿ ಸಿಕ್ಕಿದ್ದು ಅಜ್ಜನ ಗ್ರಹದ ಹೆಸರಿನ ಕಲ್ಲಿನೊಳಗೆ! ಕ್ಲಾಸಿನಲ್ಲಿ ಇದನ್ನು ಹೇಳಿದರೆ ಹಿಂದಿನ ಬೆಂಚೂ ಸುಮ್ನಾಗುತ್ತಿತ್ತು. ಯುರೇನಿಯಂ, ಥೋರಿಯಂ ಒಡೆಯುತ್ತಾ ಹೋದಂತೆ ಹೀಲಿಯಂ ಹುಟ್ಟುತ್ತದೆ. ನಮ್ಮ ಲಾಲ್‌ಬಾಗ್ ಬಂಡೆಯೊಳಗೂ ಚೂರುಪಾರು ಆಗುತ್ತಲೇ ಇರುತ್ತದೆ.

ಪ್ರಶ್ನೆ (ಪಿಯು ವಿದ್ಯಾರ್ಥಿ): ಮ್ಯಾಮ್, ಹೊಸ ಧಾತು ಸಿಗೋದು ಇನ್ನೂ ಬಾಕಿ ಇದೆಯಾ?

ಉತ್ತರ: ಈಗ 118 ಇವೆ. ಕೊನೆಯ ನಾಲ್ಕಕ್ಕೆ ಹೆಸರಿಟ್ಟಿದ್ದು 2016ರಲ್ಲಿ. ಈಚಿನವು ಹುಡುಕಿ ಸಿಕ್ಕಿದ್ದಲ್ಲ, ಲ್ಯಾಬಿನಲ್ಲಿ ಮಾಡಿದ್ದು. 119ಕ್ಕೆ ಪ್ರಯತ್ನ ನಡೆದಿದೆ. ಪರೀಕ್ಷೆಗೆ 118 ಸಾಕಪ್ಪ.

ಬಸವನಗುಡಿಯ ಅಪ್ಪ: ಮೇಡಂ, ಚಿಟಿಕೆ ಉಪ್ಪು ಉದುರಿಸಿ ನೋಡಿದೆವು, ಹಳದಿ ಬಂತು! ಬರ್ನರ್ ಗಲೀಜು ಆಯ್ತು ಅಂತ ಬೈಗುಳವೂ ಬಂತು. ಮಗಳಿಗೆ ಈಗ ಗೆರೆ ನೋಡಬೇಕಂತೆ.

ಉತ್ತರ: ಹಳೇ ಸಿಡಿ ಇದೆಯಾ? ಬೂಟಿನ ಡಬ್ಬದ ಒಂದು ಬದಿಯಲ್ಲಿ ಬ್ಲೇಡಿನಿಂದ ಸಣ್ಣ ಸೀಳು ಮಾಡಿ. ಎದುರು ಬದಿಯಲ್ಲಿ ಸಿಡಿಯನ್ನು ಓರೆಯಾಗಿ ನಿಲ್ಲಿಸಿ, ಮೇಲೆ ಇಣುಕಲು ತೂತು. ಎಲ್‌ಇಡಿ ಬಲ್ಬಿಗೆ ಹಿಡಿದರೆ ಬಣ್ಣಗಳು ಒಂದರೊಳಗೊಂದು ಹರಡಿಕೊಂಡಿರುತ್ತವೆ. ಹಳೇ ಸಿಎಫ್‌ಎಲ್‌ಗೆ ಹಿಡಿದರೆ ಬಿಡಿ ಬಿಡಿ ಗೆರೆಗಳು. ಅದರಲ್ಲಿ ನೇರಳೆ-ನೀಲಿ ಗೆರೆ ಪಾದರಸದ್ದು, ಕಿತ್ತಳೆಗೆಂಪು ಯೂರೋಪಿಯಂನದ್ದು. ಸೂರ್ಯನ ಕಡೆ ಮಾತ್ರ ತಿರುಗಿಸಬೇಡಿ, ಸಿಡಿಯಲ್ಲಿ ಪ್ರತಿಫಲಿಸಿದ ಬಿಸಿಲೂ ಕಣ್ಣಿಗೆ ಕೆಟ್ಟದ್ದು. ಗೆರೆ ಕಂಡರೆ ಫೋಟೋ ತೆಗೆದು ಇಲ್ಲಿ ಹಾಕಲು ಹೇಳಿ.